ಮೂರನೇ ಕ್ಲಾಸಿನ ಬೋಗಿ, ಗ್ಯಾಂಗ್‌ಮನ್‌ಗಳ ಮನೆ

ಭಾಗ 1

ರೈಲಿನಲ್ಲಿ ಹೋಗುವಾಗ ಯಾವುದಾದ್ರೂ ಜಂಕ್ಷನ್ ಹತ್ತಿರ ಬರ್ತಿದ್ದ ಹಾಗೆ, ಮೇನ್ ಲೈನಿನಿಂದ ಸ್ವಲ್ಪ ದೂರದಲ್ಲಿ, ಹುಲ್ಲು ಬೆಳೆದ ಹಳಿಯ ಮೇಲೆ ಒಂದೆರಡು ಹಳೇ ಬೋಗಿ ನಿಂತಿರೋದನ್ನ ನೀವು ನೋಡಿರ್ತೀರಿ. ಕಿಟಕಿ ಸರಳಿಗೆ ಹಗ್ಗ ಕಟ್ಟಿ ಶರ್ಟು, ಲುಂಗಿ ಒಣಹಾಕಿರ್ತಾರೆ. ಬಾಗಿಲಲ್ಲಿ ಒಬ್ಬರು ಈರುಳ್ಳಿ ಹೆಚ್ಚುತ್ತಾ ಕೂತಿರ್ತಾರೆ. ಅದು ಕ್ಯಾಂಪ್ ಕೋಚ್. ಹಳಿ ಸರಿಮಾಡೋ ದೊಡ್ಡ ಹಳದಿ ಮೆಷಿನ್ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಅದರ ಸಿಬ್ಬಂದಿಯ ಮನೆಯೂ ಹಿಂದೆ ಹಿಂದೆ ಹೋಗುತ್ತೆ.

ಈ ಸಲದ ಸರಣಿ ಇದೇ ಜಾತಿಯ ಬೋಗಿಗಳ ಬಗ್ಗೆ, ಆದರೆ ಫ್ರಾನ್ಸಿನವು. ಅಲ್ಲಿ ಪ್ರಯಾಣಿಕರು ಕೂತು ಹೋಗ್ತಿದ್ದ ಹಳೇ ಬೋಗಿಗಳನ್ನ, ಅದರಲ್ಲೂ ಮರದ ಬೋಗಿಗಳನ್ನ, ಸೀಟು ಕಿತ್ತು, ಒಲೆ ಇಟ್ಟು, ಮಂಚ ಹೊಡೆದು ಹಳಿ ಕೆಲಸದವರ ಕೈಗೆ ಕೊಟ್ಟುಬಿಡ್ತಿದ್ರು. ಕೆಲವು ಬೋಗಿ ಪ್ರಯಾಣಿಕರ ಜೊತೆ ಕಳೆದಷ್ಟೇ ವರ್ಷಗಳನ್ನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ವರ್ಷಗಳನ್ನ, ಹೀಗೆ ಕಳೆದಿವೆ.

"ಇದರಲ್ಲಿ ಇತಿಹಾಸ ಏನಪ್ಪಾ, ಗುಜರಿ ತಾನೆ?" ಅಂತ ಕೇಳ್ತೀರಾ? ಕೇಳಿ ಪರವಾಗಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ರೈಲಿನ ಇತಿಹಾಸ ಅಂದ್ರೆ ಇಂಜಿನ್ನು, ವೇಗ, ಮೊದಲ ರೈಲು ಯಾವಾಗ ಓಡ್ತು, ಇಷ್ಟೇ. ಹಳಿಯನ್ನ ದಿನಾ ನೆಟ್ಟಗೆ ಇಟ್ಟವರು ರಾತ್ರಿ ಎಲ್ಲಿ ಮಲಗಿದ್ರು ಅನ್ನೋದು ಯಾವ ಪರೀಕ್ಷೆಯಲ್ಲೂ ಬರಲ್ಲ. ಅವರು ಮಲಗಿದ್ದ ಜಾಗ ಇದೇ. ಸ್ವೈಪ್ ಮಾಡ್ತಾ ಹೋಗಿ.

ಭಾಗ 2

ಮೊದಲು ಬೋಗಿ ಹೇಗಿತ್ತು ಅಂತ ತಿಳ್ಕೊಳ್ಳೋಣ. ಅದು ಗೊತ್ತಾಗದೆ ಮಾರ್ಪಾಡು ಅರ್ಥ ಆಗಲ್ಲ.

1938ರ ಜನವರಿ 1ಕ್ಕೆ ಮೊದಲು ಫ್ರಾನ್ಸಿನಲ್ಲಿ ಒಂದೇ ರೈಲ್ವೆ ಅಂತ ಇರಲಿಲ್ಲ. ಉತ್ತರಕ್ಕೆ ನೋರ್, ಪೂರ್ವಕ್ಕೆ ಎಸ್ಟ್, ಪ್ಯಾರಿಸ್‌ನಿಂದ ಲಿಯಾನ್ ದಾಟಿ ಮೆಡಿಟರೇನಿಯನ್‌ವರೆಗೆ ಪಿಎಲ್‌ಎಂ, ಹೀಗೆ ಬೇರೆ ಬೇರೆ ಕಂಪನಿಗಳು. ಒಂದೊಂದು ಕಂಪನಿಗೂ ತನ್ನದೇ ಬೋಗಿ, ತನ್ನದೇ ಅಳತೆ, ತನ್ನದೇ ಬಣ್ಣ. ಅವೆಲ್ಲ ಸೇರಿ ಆಗಿದ್ದೇ ಇವತ್ತಿನ ರಾಷ್ಟ್ರೀಯ ರೈಲ್ವೆ, ಎಸ್‌ಎನ್‌ಸಿಎಫ್.

19ನೇ ಶತಮಾನದ ಫ್ರೆಂಚ್ ಬೋಗಿ ಅಂದ್ರೆ ಅದು ಒಂದು ಉದ್ದನೆಯ ಕೋಣೆ ಅಲ್ಲ. ಕುದುರೆ ಗಾಡಿಯ ನಾಲ್ಕೈದು ಡಬ್ಬಿಗಳನ್ನ ಒಂದರ ಪಕ್ಕ ಒಂದು ಜೋಡಿಸಿ ಕಬ್ಬಿಣದ ಚೌಕಟ್ಟಿನ ಮೇಲೆ ಇಟ್ಟ ಹಾಗೆ. ಪ್ರತಿ ಕೋಣೆಗೂ ಎರಡೂ ಕಡೆ ಪ್ರತ್ಯೇಕ ಬಾಗಿಲು. ಒಂದು ಕೋಣೆಯಿಂದ ಇನ್ನೊಂದಕ್ಕೆ ಒಳಗಿಂದ ದಾರಿಯೇ ಇಲ್ಲ. ಮೂರನೇ ಕ್ಲಾಸಿನಲ್ಲಿ ಈ ಕಡೆ ಐದು ಜನ, ಆ ಕಡೆ ಐದು ಜನ, ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಮರದ ಬೆಂಚಿನ ಮೇಲೆ. ದೋಮಿಯೇ ಅನ್ನೋ ಚಿತ್ರಕಾರ 1860ರ ದಶಕದಲ್ಲಿ ಬಿಡಿಸಿದ ಮೂರನೇ ಕ್ಲಾಸಿನ ಬೋಗಿಯ ಚಿತ್ರ ಹುಡುಕಿ ನೋಡಿ. ಬುಟ್ಟಿ ಹಿಡಿದ ಅಜ್ಜಿ, ಮಗುವಿಗೆ ಹಾಲೂಡಿಸ್ತಿರೋ ತಾಯಿ, ನಿದ್ದೆ ಹೋದ ಹುಡುಗ. ನಮ್ಮ ಜನರಲ್ ಬೋಗಿಯಲ್ಲಿ ಹೋಗಿ ಬಂದವರಿಗೆ ಆ ಮುಖಗಳು ಅಪರಿಚಿತ ಅನ್ನಿಸಲ್ಲ.

ಚಳಿಗೆ ಏನು ವ್ಯವಸ್ಥೆ ಗೊತ್ತಾ? ಬಿಸಿನೀರು ತುಂಬಿದ ಚಪ್ಪಟೆ ತಗಡಿನ ಡಬ್ಬ. ಅದರ ಮೇಲೆ ಕಾಲಿಟ್ಟು ಕೂರಬೇಕು. ಅದೂ ಮೊದಮೊದಲು ಸಿಕ್ಕಿದ್ದು ದುಡ್ಡಿದ್ದವರಿಗೆ. ದೀಪಕ್ಕೆ ಎಣ್ಣೆ ಬುಡ್ಡಿ. ಅದನ್ನ ಒಳಗಿಂದ ಹಚ್ಚೋ ಹಾಗಿರಲಿಲ್ಲ. ದೀಪದವನು ಬೋಗಿಯ ಛಾವಣಿ ಮೇಲೆ ನಡೆದು, ಮೇಲಿನ ತೂತಿನಿಂದ ಬುಡ್ಡಿ ಇಳಿಬಿಡಬೇಕು. ಆ ದೀಪದವನಿಗೆ ಫ್ರೆಂಚಿನಲ್ಲಿ ಲಾಂಪಿಸ್ತ್ ಅಂತಾರೆ. ರೈಲ್ವೆಯಲ್ಲಿ ಅವನಿಗಿಂತ ಕೆಳಗೆ ಯಾರೂ ಇರಲಿಲ್ಲವೇನೋ, ಮೇಲಿನವರ ತಪ್ಪಿಗೆ ಬೈಸಿಕೊಳ್ಳೋ ಬಡಪಾಯಿಗೆ ಇವತ್ತಿಗೂ ಫ್ರೆಂಚರು ಲಾಂಪಿಸ್ತ್ ಅಂತಲೇ ಕರೀತಾರೆ. ಈ ಪದ ನೆನಪಿಟ್ಕೊಳ್ಳಿ.

ಭಾಗ 3

ಆ ಬಾಗಿಲುಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು.

1842ರ ಮೇ 8. ರಾಜನ ಹೆಸರಿನ ಹಬ್ಬ ಮುಗಿಸಿ ವರ್ಸಾಯಿಯಿಂದ ಪ್ಯಾರಿಸ್‌ಗೆ ವಾಪಸಾಗ್ತಿದ್ದ ರೈಲು ಮ್ಯೂದೋಂ ಹತ್ತಿರ ಹಳಿ ತಪ್ತು. ಇಂಜಿನ್ನಿನ ಅಚ್ಚು ಮುರಿದಿತ್ತು. ಹಿಂದಿನ ಮರದ ಬೋಗಿಗಳು ಒಂದರ ಮೇಲೊಂದು ಹತ್ತಿ, ಇಂಜಿನ್ನಿನ ಕೆಂಡಕ್ಕೆ ಬೆಂಕಿ ಹಿಡಿದ್ವು. ಆಗ ಫ್ರಾನ್ಸಿನಲ್ಲಿ ಪ್ರಯಾಣಿಕರನ್ನ ಕೋಣೆಯೊಳಗೆ ಕೂರಿಸಿ ಹೊರಗಿಂದ ಬೀಗ ಹಾಕೋ ಪದ್ಧತಿ ಇತ್ತು. ಯಾರೂ ಓಡೋ ರೈಲಿನಿಂದ ಇಳಿದು ಸಾಯಬಾರದು ಅಂತ. ಬೀಗ ಹಾಕಿದ ಕೋಣೆಗಳಲ್ಲೇ ಐವತ್ತಕ್ಕೂ ಹೆಚ್ಚು ಜನ ಸುಟ್ಟು ಹೋದ್ರು. ಅಂಟಾರ್ಕ್ಟಿಕಾದ ಒಂದು ಭಾಗಕ್ಕೆ ತನ್ನ ಹೆಂಡತಿ ಅದೇಲ್ ಹೆಸರಿಟ್ಟಿದ್ದ ನಾವಿಕ ದ್ಯುಮೋಂ ದ್ಯುರ್ವಿಲ್, ಅದೇ ಹೆಂಡತಿ, ಅವರ ಮಗ, ಮೂವರೂ ಅಲ್ಲೇ ಸತ್ತರು. ಭೂಮಿ ಸುತ್ತಿ ಬಂದವನು ಪ್ಯಾರಿಸ್ ಹೊರವಲಯದಲ್ಲಿ ಹೀಗಾದ. ಆಮೇಲೆ ಬೀಗ ಹಾಕೋದನ್ನ ಕೈಬಿಟ್ರು.

ಬೀಗ ಹೋಯ್ತು, ಗೋಡೆ ಉಳೀತು. ಟಿಕೆಟ್ ನೋಡೋ ಸಿಬ್ಬಂದಿ ಓಡ್ತಿರೋ ರೈಲಿನ ಹೊರಗಡೆ, ಬೋಗಿಯುದ್ದಕ್ಕೂ ಇದ್ದ ಮೆಟ್ಟಿಲ ಹಲಗೆ ಮೇಲೆ ಕೈಪಿಡಿ ಹಿಡ್ಕೊಂಡು ಕೋಣೆಯಿಂದ ಕೋಣೆಗೆ ಹೋಗ್ಬೇಕಿತ್ತು. ಮಳೆ, ಹಿಮ, ಸುರಂಗ, ಎಲ್ಲದರಲ್ಲೂ. 1860ರ ಡಿಸೆಂಬರ್‌ನಲ್ಲಿ ಪ್ವಾಂಸೋ ಅನ್ನೋ ನ್ಯಾಯಾಧೀಶರನ್ನ ಪ್ಯಾರಿಸ್‌ಗೆ ಬರ್ತಿದ್ದ ರೈಲಿನ ಮೊದಲ ಕ್ಲಾಸಿನ ಕೋಣೆಯಲ್ಲೇ ಯಾರೋ ಕೊಂದುಹಾಕಿದ್ರು. ಪಕ್ಕದ ಕೋಣೆಯವರು ಸಹಾಯಕ್ಕೆ ಬರೋಕೆ ದಾರಿಯೇ ಇರಲಿಲ್ಲವಲ್ಲ. ದೇಶ ಪೂರ್ತಿ ಹೆದರಿತು. ನಿಧಾನಕ್ಕೆ ಎಚ್ಚರಿಕೆ ಸರಪಳಿ, ಒಳಗಿನ ಓಣಿ ಎಲ್ಲ ಬಂದ್ವು. ಆದರೂ ಪಕ್ಕದ ಬಾಗಿಲುಗಳ ಮರದ ಬೋಗಿ ಬೇಗ ಸಾಯಲಿಲ್ಲ. 20ನೇ ಶತಮಾನದಲ್ಲೂ ದಶಕಗಟ್ಟಲೆ ಓಡಿದವು.

ಭಾಗ 4

ಮರದ ಬೋಗಿಯ ಹಣೆಬರಹ ಬದಲಾಗಿದ್ದು ಒಂದು ಕ್ರಿಸ್ಮಸ್ ರಜೆಯಲ್ಲಿ.

1933ರ ಡಿಸೆಂಬರ್ 23, ರಾತ್ರಿ, ಗಡ್ಡೆ ಕಟ್ಟೋ ಚಳಿ, ಮಂಜು. ಪ್ಯಾರಿಸ್‌ನಿಂದ ಪೂರ್ವಕ್ಕೆ ಹೊರಟ ನಾನ್ಸಿ ರೈಲು ಲಾನ್ಯೀ ಪಟ್ಟಣದ ಹತ್ತಿರ ಪೊಂಪೋನ್ ಅನ್ನೋ ಜಾಗದಲ್ಲಿತ್ತು. ತುಂಬಾ ಹಬ್ಬಕ್ಕೆ ಊರಿಗೆ ಹೋಗೋರು. ಅದೇ ಹಳಿಯಲ್ಲಿ ಹಿಂದಿನಿಂದ ಬಂದ ಸ್ಟ್ರಾಸ್‌ಬೂರ್ ಎಕ್ಸ್‌ಪ್ರೆಸ್ ಪೂರ್ತಿ ವೇಗದಲ್ಲಿ ಗುದ್ದಿತು. ಹಿಂದಿನ ರೈಲಿನ ಭಾರೀ ಉಕ್ಕಿನ ಇಂಜಿನ್ನಿಗೆ ಹೆಚ್ಚೇನೂ ಆಗಲಿಲ್ಲ. ಮುಂದಿನ ರೈಲಿನ ಮರದ ಬೋಗಿಗಳು ಬೆಂಕಿಪೊಟ್ಟಣದ ಥರ ಪುಡಿಪುಡಿ. 200ಕ್ಕೂ ಹೆಚ್ಚು ಜನ ಸತ್ತರು. ಡ್ರೈವರ್ ಬದುಕಿದ, ಅವನನ್ನ ಬಂಧಿಸಿದ್ರು, ಆಮೇಲೆ ಕೋರ್ಟು ನಿರಪರಾಧಿ ಅಂತ ಬಿಟ್ಟಿತು. ಲಾಂಪಿಸ್ತ್ ಪದ ನೆನಪಿದೆ ಅಲ್ವಾ?

ಉಕ್ಕಿನ ಬೋಗಿಗಳು ಅಷ್ಟೊತ್ತಿಗೆ ಬಂದಿರಲಿಲ್ಲ ಅಂತೇನಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಎಲ್ಲಾ ಕಂಪನಿಗಳಿಗೂ ಒಂದೇ ವಿನ್ಯಾಸ ಮಾಡೋಕೆ ಅಂತ ಓಸೆಮ್ ಅನ್ನೋ ಜಂಟಿ ಕಚೇರಿ ಹುಟ್ಟಿತ್ತು. ಅವರ ಉಕ್ಕಿನ ಬೋಗಿಗಳು, ಮೈತುಂಬಾ ರಿವೆಟ್ ಸಾಲುಗಳು ಎದ್ದು ಕಾಣೋವು, ಓಡಾಡ್ತಿದ್ವು. ಆದರೆ ದೇಶಕ್ಕೆ ಸಾಕಾಗೋಷ್ಟು ಇರಲಿಲ್ಲ. ಹಳೇದನ್ನ ಎಸೆಯೋಕೆ ದುಡ್ಡು ಬೇಕಲ್ಲ. ಲಾನ್ಯೀ ಆದ ಮೇಲೆ ಎಕ್ಸ್‌ಪ್ರೆಸ್ ರೈಲುಗಳಿಂದ ಮರದ ಬೋಗಿ ತೆಗೀಬೇಕು ಅನ್ನೋ ಒತ್ತಡ ಜೋರಾಯ್ತು. ಅಷ್ಟರಲ್ಲಿ ಇನ್ನೊಂದು ಯುದ್ಧ. ಬಾಂಬಿಗೆ, ಸ್ಫೋಟಕ್ಕೆ, ಲೂಟಿಗೆ ಎಷ್ಟೋ ಬೋಗಿ ಹೋದ್ವು. 1945ರಲ್ಲಿ ಗಾಲಿ ಉರುಳೋ ಯಾವ ಡಬ್ಬಿಯಾದ್ರೂ ಬೇಕಾಗಿತ್ತು. ನಿವೃತ್ತಿ ಆಗ್ಬೇಕಿದ್ದ ಮರದ ಬೋಗಿಗಳು ಮತ್ತೆ ಜನ ಹೊತ್ತವು. ಕೆಲವಕ್ಕೆ ಹಳೇ ಚೌಕಟ್ಟಿನ ಮೇಲೆ ಹೊಸ ಉಕ್ಕಿನ ಮೈ ಕೂರಿಸಿದ್ರು.

1956ರ ಜೂನ್ 3ರಂದು ಮೂರನೇ ಕ್ಲಾಸ್ ಅನ್ನೋದೇ ಯುರೋಪಿನ ರೈಲುಗಳಿಂದ ಹೋಯ್ತು. ಫಲಕದಲ್ಲಿ ಮೂರು ಇದ್ದದ್ದು ಎರಡಾಯ್ತು. ಹೊಸ ಬೋಗಿ ಬಂದ ಹಾಗೆಲ್ಲ ಹಳೇ ಮರದವು ಪಕ್ಕಕ್ಕೆ ಸರಿದ್ವು. ಅಲ್ಲಿಂದ ಎರಡು ದಾರಿ. ಒಂದು, ಬಯಲಿನಲ್ಲಿ ಬೆಂಕಿ ಹಚ್ಚಿ ಮರ ಸುಟ್ಟು, ಕಬ್ಬಿಣ ಮಾರೋದು. ಇನ್ನೊಂದು, ಹಳಿ ವಿಭಾಗಕ್ಕೆ ಕೊಡೋದು.

ಭಾಗ 5

ಈಗ ಅದನ್ನ ತಗೊಂಡವರ ಬಗ್ಗೆ.

ಫ್ರೆಂಚ್ ರೈಲ್ವೆಯಲ್ಲಿ ಮೂರು ದೊಡ್ಡ ಮನೆತನ ಇದ್ದ ಹಾಗೆ: ರೈಲು ಓಡಿಸೋ ವ್ಯವಸ್ಥೆ ನೋಡೋರು, ಇಂಜಿನ್ ಮತ್ತು ಬೋಗಿ ನೋಡೋರು, ಹಳಿ ಮತ್ತು ಕಟ್ಟಡ ನೋಡೋರು. ಮೂರನೆಯವರು ಯಾವಾಗಲೂ ಕಡೇ ಪಂಕ್ತಿ. ಇಂಜಿನ್ ಡ್ರೈವರನ ಮೇಲೆ ಕಾದಂಬರಿ ಬರುತ್ತೆ, ಸಿನಿಮಾ ಬರುತ್ತೆ. ಹಳಿಯವನ ಮೇಲೆ ಏನು ಬರುತ್ತೆ, ಮಳೆ ಬರುತ್ತೆ.

ಹಳಿ ಕೆಲಸದವನಿಗೆ ಅಲ್ಲಿ ಕಾಂತೊನಿಯೇ ಅಂತ ಹೆಸರು. ನಮ್ಮ ಗ್ಯಾಂಗ್‌ಮನ್ ಅಂದ್ಕೊಳ್ಳಿ. ಒಂದೊಂದು ತಂಡಕ್ಕೆ ಕೆಲವೇ ಕಿಲೋಮೀಟರ್ ಹಳಿ. ಅಷ್ಟಕ್ಕೇ ಅವರು ಜೀವಮಾನ ಪೂರ್ತಿ ಜವಾಬ್ದಾರಿ. ದಿನಾ ನಡೆದು ನೋಡೋದು, ಸಡಿಲವಾದ ಬೋಲ್ಟು ಬಿಗಿ ಮಾಡೋದು, ಕೊಳೆತ ಸ್ಲೀಪರ್ ಬದಲಿಸೋದು, ಹುಲ್ಲು ಕೀಳೋದು. ಹಳಿ ಕುಸಿದ ಕಡೆ ಎಷ್ಟು ಕುಸಿದಿದೆ ಅಂತ ಅಳೆದು, ಸ್ಲೀಪರ್ ಎತ್ತಿ, ಅದರ ಕೆಳಗೆ ಲೆಕ್ಕ ಹಾಕಿದಷ್ಟೇ ಸಣ್ಣ ಜಲ್ಲಿಯನ್ನ ಸಲಿಕೆಯಲ್ಲಿ ತೆಳ್ಳಗೆ ಹರಡೋದು. ಮಸಾಲೆ ದೋಸೆಗೆ ಚಟ್ನಿ ಸವರಿದ ಹಾಗೆ, ಆದರೆ ಮಿಲಿಮೀಟರ್ ಲೆಕ್ಕದಲ್ಲಿ. ಭಾರತೀಯ ರೈಲ್ವೆಯ ಕೈಪಿಡಿಯಲ್ಲೂ ಅಳತೆಯ ಸಲಿಕೆ ಪ್ಯಾಕಿಂಗ್ ಅಂತ ಈ ವಿಧಾನ ಇದೆ.

ಆಗ ಅವರಿಗೆ ಬೋಗಿಯ ಮನೆ ಬೇಕಿರಲಿಲ್ಲ. ಎಷ್ಟೋ ಜನ ಹಳಿ ಪಕ್ಕದಲ್ಲೇ, ಲೆವೆಲ್ ಕ್ರಾಸಿಂಗಿನ ಚಿಕ್ಕ ಮನೆಯಲ್ಲೇ ಸಂಸಾರ ಮಾಡ್ತಿದ್ರು. ಗಂಡ ಹಳಿ ಮೇಲೆ, ಹೆಂಡತಿ ಗೇಟ್ ಕಾಯೋದು. ಹಿತ್ತಲಲ್ಲಿ ಕೋಸು, ಆಲೂಗಡ್ಡೆ, ಒಂದೆರಡು ಮೊಲ.

ಯುದ್ಧದ ನಂತರ ಮೆಷಿನ್‌ಗಳು ಬಂದ್ವು. ಜಲ್ಲಿ ಗಟ್ಟಿ ಮಾಡೋ ಯಂತ್ರಗಳಿಗೆ 1945ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಟೀಸಾ, 1953ರಲ್ಲಿ ಆಸ್ಟ್ರಿಯಾದಲ್ಲಿ ಪ್ಲಾಸರ್ ಅಂಡ್ ಟೊಯ್ರರ್ ಕಂಪನಿ ಶುರುವಾದ್ವು. ನಮ್ಮ ಹಳಿಗಳ ಮೇಲೆ ಓಡೋ ಹಳದಿ ಮೆಷಿನ್‌ಗಳಲ್ಲಿ ಎಷ್ಟೋ ಇದೇ ಪ್ಲಾಸರ್‌ನವು. ಹಳಿ ತುಂಡುಗಳನ್ನ ಬೆಸೆದು ಉದ್ದುದ್ದ ಮಾಡೋದು, ಸಿಮೆಂಟ್ ಸ್ಲೀಪರ್ ಹಾಕೋದು, ವಿದ್ಯುತ್ ತಂತಿ ಎಳೆಯೋದು, ಎಲ್ಲ ಒಟ್ಟಿಗೆ. ಕೆಲಸ ಈಗ "ನನ್ನ ನಾಲ್ಕು ಕಿಲೋಮೀಟರ್" ಅಲ್ಲ. ಇವತ್ತು ಇಲ್ಲಿ, ಮುಂದಿನ ತಿಂಗಳು ನೂರಾರು ಕಿಲೋಮೀಟರ್ ಆಚೆ. ಹತ್ತಾರು ಜನ, ಊರಿಲ್ಲದ ಜಾಗ, ರಾತ್ರಿ ಪಾಳಿ. ಅವರನ್ನ ಎಲ್ಲಿ ಮಲಗಿಸೋದು?

ಯಾರ್ಡಿನ ಮೂಲೆಯಲ್ಲಿ ಸುಡೋಕೆ ಕಾದಿದ್ದ ಬೋಗಿಗಳು ಇದ್ವಲ್ಲ.

ಭಾಗ 6

ನನಗೆ ಈ ಸರಣಿಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಒಂದು ಬೋಗಿಯನ್ನ ಮನೆ ಮಾಡೋದು ಹೇಗೆ?

ಮೊದಲು ಬೆಂಚು ಕೀಳ್ತಾರೆ. ಆಮೇಲೆ ಕೋಣೆಗಳ ನಡುವಿನ ಅಡ್ಡ ಹಲಗೆ ಗೋಡೆಗಳಲ್ಲಿ ಕೆಲವನ್ನ ತೆಗೆದು, ಕೆಲವನ್ನ ಉಳಿಸ್ತಾರೆ. ಎಲ್ಲಾ ತೆಗೆಯೋ ಹಾಗಿಲ್ಲ, ಮರದ ಬೋಗಿಯಲ್ಲಿ ಮೈ ನೆಟ್ಟಗೆ ನಿಲ್ಲೋಕೆ ಆ ಗೋಡೆಗಳ ಪಾಲೂ ಇದೆ. ಬಾಗಿಲುಗಳ ಸಾಲಿನಲ್ಲಿ ಒಂದೋ ಎರಡೋ ಬಿಟ್ಟು ಉಳಿದದ್ದಕ್ಕೆ ಮೊಳೆ, ಅಥವಾ ಮೇಲೆ ತಗಡು. ಹೊರಗಿಂದ ನೋಡಿದ್ರೆ ಬಾಗಿಲಿನ ಗೆರೆ ಕಾಣುತ್ತೆ, ಹಿಡಿಕೆ ಇರಲ್ಲ. 1842ರಲ್ಲಿ ಬೀಗ ಹಾಕಿದ್ದ ಬಾಗಿಲು ನೆನಪಾದ್ರೆ ಅದು ನನ್ನ ತಪ್ಪಲ್ಲ.

ಒಳಗೆ ಒಂದು ಕೊನೆಯಲ್ಲಿ ಕಲ್ಲಿದ್ದಲಿನ ಒಲೆ. ಅದರ ಹೊಗೆ ಕೊಳವೆಗೆ ಛಾವಣಿಯಲ್ಲಿ ದುಂಡಗೆ ತೂತು. ಯಾವ ಹಳೇ ಫೋಟೊದಲ್ಲಾದ್ರೂ ಪ್ರಯಾಣಿಕರ ಬೋಗಿಯ ತಲೆ ಮೇಲೆ ಟೋಪಿ ಹಾಕಿದ ಸಣ್ಣ ಚಿಮಣಿ ಕಂಡ್ರೆ, ಅದು ಇನ್ನು ಪ್ರಯಾಣಿಕರದ್ದಲ್ಲ ಅಂತ ಗೊತ್ತುಮಾಡ್ಕೊಳ್ಳಿ. ಹತ್ತು ಜನ ಮೊಣಕಾಲು ತಾಗಿಸಿ ಕೂತಿದ್ದ ಜಾಗದಲ್ಲಿ ಈಗ ಮೇಲೊಂದು ಕೆಳಗೊಂದು ಮಂಚ. ಗೋಡೆಗೆ ಬೀರು, ಬಟ್ಟೆಗೆ ಮೊಳೆ, ನೀರಿಗೆ ಟ್ಯಾಂಕು. ಉದ್ದನೆಯ ಮೇಜು, ಎರಡು ಬೆಂಚು. ಕೆಲವೊಮ್ಮೆ ಅದೇ ಕಿತ್ತ ಮೂರನೇ ಕ್ಲಾಸಿನ ಬೆಂಚೇ ಊಟದ ಕೋಣೆಗೆ ಬಂದು ಕೂತಿರುತ್ತೆ. ಮರ ಗಟ್ಟಿಯಿದ್ರೆ ಯಾಕೆ ಎಸೀಬೇಕು?

ಒಂದೇ ಬೋಗಿ ಎಲ್ಲ ಆಗ್ತಿರಲಿಲ್ಲ. ಮಲಗೋಕೆ ಒಂದು, ಅಡುಗೆ ಮತ್ತು ಊಟಕ್ಕೆ ಒಂದು, ಉಪಕರಣಕ್ಕೆ ಒಂದು, ಸ್ನಾನಕ್ಕೆ ಒಂದು. ಉಪಕರಣದ ಬೋಗಿಯಲ್ಲಿ ಕಿಟಕಿ ಪಕ್ಕ ಕಮ್ಮಾರನ ಹಿಡಿಕಟ್ಟು, ಡ್ರಿಲ್ಲು, ಎಣ್ಣೆ ಡಬ್ಬ. ಮೇಸ್ತ್ರಿಗೆ ಒಂದು ಸಣ್ಣ ಕೋಣೆ, ಅದೇ ಆಫೀಸು. ಇಂಥ ಬೋಗಿಗಳ ಸಾಲಿಗೆ ಫ್ರೆಂಚಿನಲ್ಲಿ ತ್ರ್ಯಾಂ-ಪಾರ್ಕ್ ಅಂತಿದ್ರು. ಇಂಜಿನ್ ಬಂದು ಎಳ್ಕೊಂಡು ಹೋಗಿ ಮುಂದಿನ ಸ್ಟೇಷನ್ನಿನ ಕಡೇ ಹಳಿಯಲ್ಲಿ ಬಿಟ್ಟು ಹೋದ್ರೆ, ಅಲ್ಲೊಂದು ಬೀದಿಯೇ ಎದ್ದು ನಿಂತ ಹಾಗೆ.

ಸುಖವಾಗಿತ್ತು ಅಂತ ನಾನು ಹೇಳಲ್ಲ. ಮರದ ಗೋಡೆ, ಬಿರುಕಿನಲ್ಲಿ ಗಾಳಿ. ಒಲೆ ಪಕ್ಕದ ಮಂಚದವನಿಗೆ ಬೆವರು, ಆಚೆ ಕೊನೆಯವನಿಗೆ ನಡುಕ. ಹತ್ತು ಮೀಟರ್ ದೂರದಲ್ಲಿ ರಾತ್ರಿ ಇಡೀ ಎಕ್ಸ್‌ಪ್ರೆಸ್‌ಗಳು. ರಾತ್ರಿ ಪಾಳಿ ಮಾಡಿ ಹಗಲು ಮಲಗೋನಿಗೆ ತಗಡಿನ ಛಾವಣಿ ಕೆಳಗೆ ಬೇಸಿಗೆ ಮಧ್ಯಾಹ್ನ ಹೇಗಿರುತ್ತೆ ಅಂತ ರಾಯಚೂರಿನವರಿಗೆ ವಿವರಿಸೋದೇ ಬೇಡ. ಮೇಲಾಗಿ, ಗೇಟ್ ಪಕ್ಕದ ಚಿಕ್ಕ ಮನೆಯಲ್ಲಿ ಸಂಸಾರ ಇತ್ತು. ಇಲ್ಲಿ ಬರೀ ಗಂಡಸರು. ಮನೆ ಅನ್ನೋದು ರಜೆ ಸಿಕ್ಕಾಗ ಹೋಗೋ ಊರು.

ಆದರೂ ಹಳೇ ಬೋಗಿ ಪೂರ್ತಿ ಮರೆಯಾಗಿರ್ತಿರಲಿಲ್ಲ. ಲಗೇಜ್ ಇಡೋ ಬಲೆಯ ಹಿತ್ತಾಳೆ ಕೊಕ್ಕೆ ಅಲ್ಲೇ, ಈಗ ಅದರಲ್ಲಿ ಒದ್ದೆ ಕೋಟು. ಬೋಗಿಯುದ್ದದ ಮೆಟ್ಟಿಲ ಹಲಗೆ ಮೇಲೆ ಕೂತು ಸಂಜೆ ಬೂಟು ಬಿಚ್ಚೋದು. ಆಮೇಲಿನ ದಶಕಗಳಲ್ಲಿ ಉಕ್ಕಿನ ಬೋಗಿಗಳೂ ಇದೇ ದಾರಿಗೆ ಬಂದಾಗ, ಕಿಟಕಿ ಕೆಳಗೆ "ಎ ಪೆರಿಕೊಲೋಸೊ ಸ್ಪೋರ್ಜೆರ್ಸಿ" ಅನ್ನೋ ಇಟಾಲಿಯನ್ ಫಲಕವೂ ಬಂತು. ಹೊರಗೆ ಬಾಗೋದು ಅಪಾಯ ಅಂತ ಅರ್ಥ. ಹಳಿ ಮೇಲೇ ಕೆಲಸ ಮಾಡೋರಿಗೆ ಈ ಬುದ್ಧಿವಾದ!

ಭಾಗ 7

ಮಲಗೋ ಬೋಗಿ ಒಂದೇ ಅಲ್ಲ. ಚುಟುಕಾಗಿ ಇನ್ನೆರಡು ಜಾತಿ ಹೇಳ್ತೀನಿ.

ಅಪಘಾತದ ರೈಲು: ಎಲ್ಲಾದ್ರೂ ಹಳಿ ತಪ್ಪಿದ್ರೆ ಓಡೋಕೆ ಡಿಪೋದಲ್ಲಿ ಸದಾ ಸಿದ್ಧವಾಗಿರೋದು. ಜಾಕಿ, ಮರದ ದಿಮ್ಮಿ, ಸಂಕೋಲೆ ಒಂದು ಬೋಗಿಯಲ್ಲಿ, ಜನ ಇನ್ನೊಂದರಲ್ಲಿ. ಅಂದ್ರೆ ಮರದ ಬೋಗಿ ಪುಡಿಯಾದ ಜಾಗಕ್ಕೆ ಸಹಾಯ ಹೊತ್ತು ಹೋಗೋದೂ ಹಳೇ ಮರದ ಬೋಗಿಯೇ.

ಕಳೆ ಕೊಲ್ಲೋ ರೈಲು: ಹಳಿ ಮಧ್ಯೆ ಹುಲ್ಲು ಬೆಳೆದ್ರೆ ನೀರು ನಿಂತು ಜಲ್ಲಿ ಕೆಡುತ್ತೆ. ಅದಕ್ಕೆ ಔಷಧಿ ಸಿಂಪಡಿಸೋ ರೈಲು. ಅದರಲ್ಲಿ ಸಿಬ್ಬಂದಿಗೆ ಹಳೇ ಬೋಗಿ, ನೀರಿಗೆ ಹಳೇ ಉಗಿ ಇಂಜಿನ್ನಿನ ಟೆಂಡರ್. ಇಂಜಿನ್ ಗುಜರಿಗೆ ಹೋದ ಮೇಲೂ ಅದರ ನೀರಿನ ತೊಟ್ಟಿ ಬದುಕಿತು. ಇದರಿಂದ ಒಂದು ವಿಚಿತ್ರ ಲಾಭ ಆಯ್ತು: ಮುಂದೆ ಉಗಿ ಇಂಜಿನ್ ಉಳಿಸೋಕೆ ಹೊರಟವರಿಗೆ ಟೆಂಡರ್ ಬೇಕಾದಾಗ ಈ ಕಳೆ ರೈಲುಗಳ ಕಡೆ ತಿರುಗಿದ್ರು.

1960ರ ದಶಕದಿಂದ ಯುರೋಪಿನಲ್ಲಿ ಪ್ರತಿ ಬೋಗಿಗೂ ಹನ್ನೆರಡು ಅಂಕಿಯ ನಂಬರ್ ಬಂತು. ಮೂರನೇ ಮತ್ತು ನಾಲ್ಕನೇ ಅಂಕಿ ದೇಶ, 87 ಅಂದ್ರೆ ಫ್ರಾನ್ಸ್. ಕೆಲಸದ ಬೋಗಿಗಳಿಗೆ ಬೇರೆಯೇ ಸಾಲಿನ ನಂಬರ್. ಹೊಸ ನಂಬರ್ ಬಳಿದ ದಿನ ಹಳೇ ಕಂಪನಿಯ ಹೆಸರು, ಹಳೇ ಕ್ಲಾಸು, ಹಳೇ ಗುರುತು ಬಣ್ಣದಡಿ ಹೋಯ್ತು. ಹೀಗೆ ಒಂದು ಬೋಗಿ ಪ್ರಯಾಣಿಕರ ಲೆಕ್ಕದಿಂದ ಕಾಣೆಯಾಗಿಬಿಡುತ್ತೆ. ಕಾಣೆಯಾಗಿದ್ದೇ ಅದರ ಅದೃಷ್ಟ. ಹೇಗೆ ಅಂತ ಆಮೇಲೆ ಹೇಳ್ತೀನಿ.

ಭಾಗ 8

ಬೋಗಿಯ ವಿಷಯ ಬಿಟ್ಟು ಒಂದು ನಿಮಿಷ ಮನುಷ್ಯರ ವಿಷಯ.

ಹಳಿ ಮತ್ತು ಯಾರ್ಡಿನ ಕೆಲಸ ಯುದ್ಧದ ನಂತರ ಹೆಚ್ಚು ಹೆಚ್ಚಾಗಿ ಹೊರಗಿಂದ ಬಂದವರ ಕೈಗೆ ಹೋಯ್ತು. ಗುತ್ತಿಗೆ ಕಂಪನಿಗಳಲ್ಲಿ ಇಟಾಲಿಯನ್ನರು, ಸ್ಪೇನಿನವರು, ಪೋರ್ಚುಗೀಸರು, ಉತ್ತರ ಆಫ್ರಿಕಾದವರು. 1970ರ ದಶಕದಲ್ಲಿ ಎಸ್‌ಎನ್‌ಸಿಎಫ್ ತಾನೇ ಮೊರಾಕ್ಕೋದಿಂದ ಸುಮಾರು 2000 ಜನರನ್ನ ಕರೆಸ್ಕೊಂಡಿತು. ಯಾರ್ಡಿನಲ್ಲಿ ಬೋಗಿ ಜೋಡಿಸೋದು, ಬಿಡಿಸೋದು, ಹಳಿ ನೋಡ್ಕೊಳ್ಳೋದು. ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡೋ ಫ್ರೆಂಚ್ ಪ್ರಜೆಗೆ ರೈಲ್ವೆ ನೌಕರನ ಖಾಯಂ ದರ್ಜೆ ಇತ್ತು. ಅಂದ್ರೆ ಬೇಗ ನಿವೃತ್ತಿ, ಒಳ್ಳೇ ಪಿಂಚಣಿ, ಬಡ್ತಿ. ಇವರು ವಿದೇಶಿಯರು, ಹಾಗಾಗಿ ಇವರಿಗೆ ಬೇರೆ ಥರದ ಒಪ್ಪಂದ. ವಯಸ್ಸಾದ ಮೇಲೆ ಪಿಂಚಣಿ ಕೈಗೆ ಬಂದಾಗ ವ್ಯತ್ಯಾಸ ಎಷ್ಟು ಅಂತ ಗೊತ್ತಾಯ್ತು.

ಅವರನ್ನ ಶಿಬಾನಿಗಳು ಅಂತ ಕರೀತಾರೆ. ಮಗ್ರೆಬಿನ ಅರಬ್ಬೀ ಮಾತಿನಲ್ಲಿ ತಲೆ ನೆರೆತವರು ಅಂತ ಅರ್ಥ. 800ಕ್ಕೂ ಹೆಚ್ಚು ಜನ ಕೋರ್ಟಿಗೆ ಹೋದ್ರು. ವರ್ಷಗಟ್ಟಲೆ ಅಲೆದ್ರು. 2015ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಕಾರ್ಮಿಕ ನ್ಯಾಯಾಲಯ, 2018ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ತಾರತಮ್ಯ ಆಗಿದೆ ಅಂತ ಹೇಳಿದ್ವು. ತೀರ್ಪು ಬರೋ ಹೊತ್ತಿಗೆ ಕೆಲವರು ಬದುಕಿರಲಿಲ್ಲ.

ಇದನ್ನ ಯಾಕೆ ಇಲ್ಲಿ ಹೇಳ್ತಿದ್ದೀನಿ ಅಂದ್ರೆ, ರೈಲು ಕಿಟಕಿಯಿಂದ ನೋಡೋವಾಗ ಒಂದು ಕೆಲಸದ ಬೋಗಿ ಕೆಲವರಿಗೆ ತಮಾಷೆಯ ಹಳೇ ಡಬ್ಬಿ, ಕೆಲವರಿಗೆ ಅಪರೂಪದ ಮಾದರಿ. ಬೋಗಿಯ ಗಾಲಿ ಎಷ್ಟು, ಯಾವ ಕಾರ್ಖಾನೆಯದ್ದು, ಎಲ್ಲ ಬರೆದಿಡೋಕೆ ಉತ್ಸಾಹಿಗಳಿದ್ದಾರೆ. ಒಳ್ಳೇದೇ. ಆ ಡಬ್ಬಿಯ ಸುತ್ತ ದುಡಿದವರ ಲೆಕ್ಕ ಹೊರಗೆ ಬರೋಕೆ ಮಾತ್ರ ವಕೀಲರು ಬೇಕಾಯ್ತು.

ಭಾಗ 9

ಈ ಬೋಗಿಗಳು ಎಲ್ಲಿ ಹೋದ್ವು?

ನಿಧಾನಕ್ಕೆ ಬೇಡವಾದ್ವು. ರಸ್ತೆ ಚೆನ್ನಾಯ್ತು, ವ್ಯಾನ್ ಬಂತು. ತಂಡಗಳು ಹೋಟೆಲಿನಲ್ಲಿ ಉಳಿದು ವ್ಯಾನಿನಲ್ಲಿ ಬೆಳಿಗ್ಗೆ ಹಳಿಗೆ ಬರೋದು ಸುಲಭ ಆಯ್ತು. 1981ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಡುವೆ ಟಿಜಿವಿ ಓಡೋಕೆ ಶುರುವಾದ ಮೇಲೆ ಹಳಿ ಕೆಲಸದ ಅಳತೆ, ಮೆಷಿನ್, ಸಮಯ ಎಲ್ಲ ಬದಲಾಯ್ತು. ಮಧ್ಯರಾತ್ರಿಯ ಕೆಲವೇ ಗಂಟೆಯಲ್ಲಿ ಕೆಲಸ ಮುಗಿಸಿ ಜಾಗ ಖಾಲಿ ಮಾಡಬೇಕು.

ಉಕ್ಕಿನ ಕಾಲದ ಬೋಗಿಗಳಿಗೆ ಇನ್ನೊಂದು ಕಾಯಿಲೆ: ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್. ಶಾಖ, ಶಬ್ದ ತಡೆಯೋಕೆ ಅಂತ ಆ ಕಾಲದ ಎಷ್ಟೋ ಬೋಗಿಗಳ ಗೋಡೆಯೊಳಗೆ ತುಂಬಿದ್ರು. ಅದರ ನಾರು ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್. 1997ರ ಜನವರಿ 1ರಿಂದ ಫ್ರಾನ್ಸ್ ಅದನ್ನ ನಿಷೇಧಿಸಿತು. ಅಂಥ ಬೋಗಿಯ ಗೋಡೆಗೆ ಒಂದು ಮೊಳೆ ಹೊಡೆಯೋದೂ ಅಪಾಯ. ಶುದ್ಧ ಮಾಡೋ ಖರ್ಚಿಗಿಂತ ಒಡೆಯೋದೇ ಅಗ್ಗ. ವಿಪರ್ಯಾಸ ನೋಡಿ: ಬೆಂಕಿಗೆ, ಡಿಕ್ಕಿಗೆ ಹೆದರಿ ದೂರ ಇಟ್ಟ ಮರದ ಬೋಗಿ, ಈ ಒಂದು ವಿಷಯದಲ್ಲಿ ಉಕ್ಕಿನದಕ್ಕಿಂತ ಸಾಧು.

ಈಗ ಆ ಅದೃಷ್ಟದ ಮಾತು. ಪ್ರಯಾಣಿಕರ ಸೇವೆಯಲ್ಲೇ ಉಳಿದಿದ್ದ ಮರದ ಬೋಗಿಗಳು ಬಹುಪಾಲು ಸುಟ್ಟು ಹೋದ್ವು. 1960, 70ರ ದಶಕದಲ್ಲಿ ರೈಲು ಪ್ರೇಮಿಗಳಿಗೆ ಎಚ್ಚರ ಆಗಿ, "ಅಯ್ಯೋ, ನಮ್ಮಜ್ಜ ಕೂತಿದ್ದ ಮೂರನೇ ಕ್ಲಾಸ್ ಎಲ್ಲಿ?" ಅಂತ ಹುಡುಕೋಕೆ ಹೊರಟಾಗ, ಅದು ಸಿಕ್ಕಿದ್ದು ಯಾರ್ಡುಗಳ ಕಡೇ ಹಳಿಯಲ್ಲಿ, ಚಿಮಣಿ ಹೊತ್ಕೊಂಡು, ಮಂಚ ಒಳಗಿಟ್ಕೊಂಡು. ಲೆಕ್ಕದಿಂದ ಮರೆಯಾಗಿದ್ದಕ್ಕೇ ಉಳಿದಿತ್ತು. ಇವತ್ತು ಮ್ಯುಲೂಸ್‌ನ ರೈಲು ಮ್ಯೂಸಿಯಂ, ಪ್ಯಾರಿಸ್ ಹತ್ತಿರದ ಲೋಂಗ್‌ವಿಲ್‌ನ ಹಳೇ ಇಂಜಿನ್ ಶೆಡ್ಡು, ಪ್ರವಾಸಿ ಉಗಿ ರೈಲುಗಳು, ಇಂಥ ಕಡೆ ನೀವು ಹತ್ತಿ ಕೂರೋ, ಮುಟ್ಟಿ ನೋಡೋ ಹಳೇ ಫ್ರೆಂಚ್ ಬೋಗಿಗಳಲ್ಲಿ ಎಷ್ಟೋ ಹೀಗೆ ಗ್ಯಾಂಗ್‌ಮನ್‌ಗಳ ಕೈದಾಟಿ ಬಂದಂಥವು.

ಭಾಗ 10

ಈಗ ಜಗಳದ ವಿಷಯಕ್ಕೆ ಬರ್ತೀನಿ. ಕಾಮೆಂಟಿನಲ್ಲಿ ಹೊಡೆದಾಡಿ.

ಹೀಗೆ ಸಿಕ್ಕ ಬೋಗಿಯನ್ನ ಸಾಮಾನ್ಯವಾಗಿ ಏನು ಮಾಡ್ತಾರೆ? ಒಲೆ ಕಿತ್ತು, ಮಂಚ ಎಸೆದು, ಛಾವಣಿ ತೂತು ಮುಚ್ಚಿ, ಮೊಳೆ ಹೊಡೆದ ಬಾಗಿಲು ಬಿಚ್ಚಿ, ಹೊಸ ಬೆಂಚು ಕೆತ್ತಿಸಿ, 1900ರ ಬಣ್ಣ ಬಳೀತಾರೆ. "ಮೂಲ ರೂಪಕ್ಕೆ ತಂದ್ವಿ" ಅಂತಾರೆ. ಕಷ್ಟದ ಕೆಲಸ, ಹೆಚ್ಚಿನವರು ಸಂಬಳವಿಲ್ಲದೆ ಭಾನುವಾರಗಳಲ್ಲಿ ಮಾಡ್ತಾರೆ, ಅವರಿಗೆ ಕೈಮುಗೀಬೇಕು. ಆದರೂ ಒಂದು ಪ್ರಶ್ನೆ ಕಾಡುತ್ತೆ. ಮೂವತ್ತು ವರ್ಷ ಪ್ರಯಾಣಿಕರು, ಮೂವತ್ತು ವರ್ಷ ಹಳಿಯವರು ಇದ್ದ ಮನೆಯಲ್ಲಿ, ಎರಡನೆಯವರ ಮೂವತ್ತು ವರ್ಷ "ಹಾಳಾಗಿದ್ದು", ಮೊದಲನೆಯವರದ್ದು "ಮೂಲ" ಹೇಗಾಗುತ್ತೆ?

ಇದರ ಪಕ್ಕದಲ್ಲಿ ಇನ್ನೊಂದು ಬೋಗಿ ಇಟ್ಟು ನೋಡಿ. 2419 ಡಿ ಅನ್ನೋ ನಂಬರಿನದ್ದು. 1914ರಲ್ಲಿ ಕಟ್ಟಿದ ಊಟದ ಬೋಗಿ. 1918ರಲ್ಲಿ ಸೈನ್ಯ ಅದನ್ನ ತಗೊಂಡು, ಊಟದ ಮೇಜು ತೆಗೆದು, ಸೇನಾಧಿಪತಿ ಫಾಶ್‌ಗೆ ಆಫೀಸು ಮಾಡಿಕೊಡ್ತು. ನವೆಂಬರ್ 11ರ ನಸುಕಿನಲ್ಲಿ ಕಾಂಪಿಯೇನ್ ಕಾಡಿನಲ್ಲಿ ಮೊದಲ ಮಹಾಯುದ್ಧ ನಿಂತಿದ್ದು ಅದರೊಳಗೆ ಹಾಕಿದ ಸಹಿಯಿಂದ. 1940ರ ಜೂನ್ 22ರಂದು ಹಿಟ್ಲರ್ ಅದೇ ಬೋಗಿಯಲ್ಲಿ, ಅದೇ ಜಾಗದಲ್ಲಿ ಫ್ರಾನ್ಸಿನಿಂದ ಸಹಿ ಹಾಕಿಸ್ಕೊಂಡು ಬೋಗಿಯನ್ನ ಬರ್ಲಿನ್‌ಗೆ ಎಳೆಸಿದ. 1945ರಲ್ಲಿ ಅದು ಜರ್ಮನಿಯಲ್ಲೇ ನಾಶವಾಯ್ತು. ಯುದ್ಧದ ಮೇಲೆ ಫ್ರಾನ್ಸ್ ಏನು ಮಾಡ್ತು ಗೊತ್ತಾ? ಅದೇ ಸಾಲಿನ ಇನ್ನೊಂದು ಊಟದ ಬೋಗಿ, 2439 ಡಿ, ಹುಡುಕಿ ತಂದು, ಅದನ್ನೂ ಆಫೀಸಿನ ಹಾಗೆ ಸಜ್ಜು ಮಾಡಿ, 2419 ಡಿ ಅಂತ ನಂಬರ್ ಬಳಿದು, 1950ರ ನವೆಂಬರ್ 11ಕ್ಕೆ ಕಾಂಪಿಯೇನ್‌ನಲ್ಲಿ ನಿಲ್ಲಿಸಿತು. ಇವತ್ತಿಗೂ ಅಲ್ಲಿದೆ.

ಅಂದ್ರೆ ಫಾಶ್‌ನ ಬೋಗಿಯಲ್ಲಿ ಮಾರ್ಪಾಡೇ ಇತಿಹಾಸ. "ಮೂಲ ರೂಪಕ್ಕೆ ತರೋಣ, ಊಟದ ಮೇಜು ಹಾಕೋಣ" ಅಂತ ಅಲ್ಲಿ ಹೋಗಿ ಹೇಳಿದ್ರೆ ನಕ್ಕು ಕಳಿಸ್ತಾರೆ. ಮಾರ್ಪಾಡಾದ ಬೋಗಿ ಸಿಗದಿದ್ದಾಗ ಇನ್ನೊಂದನ್ನ ಕೈಯಾರೆ ಮಾರ್ಪಾಡು ಮಾಡಿ ಇಟ್ರು. ಆ ಆಫೀಸು ಬಳಕೆಯಲ್ಲಿದ್ದದ್ದು ತಿಂಗಳುಗಳ ಲೆಕ್ಕದಲ್ಲಿ. ಗ್ಯಾಂಗ್‌ಮನ್‌ಗಳ ಒಲೆ ಉರಿದದ್ದು ದಶಕಗಳ ಲೆಕ್ಕದಲ್ಲಿ.

ನನ್ನ ಅಭಿಪ್ರಾಯ ಕೇಳಿದ್ರೆ, ಎಲ್ಲಾ ಬೋಗಿಗೂ ಮಂಚ ಉಳಿಸಿ ಅಂತ ನಾನು ಹೇಳಲ್ಲ. ದೋಮಿಯೇಯ ಅಜ್ಜಿ ಕೂತ ಬೆಂಚೂ ನೋಡಬೇಕು. ಹತ್ತು ಬೋಗಿ ಬೆಂಚಿಗೆ ಕೊಟ್ಟರೆ ಒಂದನ್ನ ಒಲೆ, ಮಂಚ, ಒದ್ದೆ ಕೋಟಿನ ಕೊಕ್ಕೆ ಸಮೇತ ಹಾಗೇ ಬಿಡಿ, ಅಷ್ಟೇ.

ನಿಮ್ಮಲ್ಲಿ ಯಾರಾದ್ರೂ ಓದೋಕೆ ಅಂತ ಫ್ರಾನ್ಸಿಗೆ ಹೋದ್ರೆ, ಮ್ಯುಲೂಸ್‌ಗೋ ಲೋಂಗ್‌ವಿಲ್‌ಗೋ ಹೋಗಿ. ಹೊಳೆಯೋ ವಾರ್ನಿಶ್ಶಿನ ಮೂರನೇ ಕ್ಲಾಸಿನ ಬೋಗಿ ಒಳಗೆ ಹತ್ತಿ, ಒಂದು ಸೆಲ್ಫಿ ತಗೊಳ್ಳಿ. ಆಮೇಲೆ ಒಂದು ಕೊನೆಗೆ ನಡೆದು, ತಲೆ ಎತ್ತಿ ಛಾವಣಿ ನೋಡಿ. ದುಂಡಗಿನ ತೇಪೆ ಏನಾದ್ರೂ ಇದ್ರೆ ನನಗೆ ಫೋಟೊ ಕಳಿಸಿ.